ಪಾಯಿಂಟಿನ ಅಕ್ಕೋರು

ಹೋದ ತಿಂಗಳು ತೇರದಾಳದಿಂದ ಬನಹಟ್ಟಿಗೆ ಬರುವಾಗ ಬಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಮಡಿಲಲ್ಲಿ ಮಗು ಮಲಗಿತ್ತು. ಕೊಟ್ಟ ಊರು, ಅತ್ತೆಮನೆ, ಗಂಡನ ಕೆಲಸ ಎಲ್ಲ ಹೇಳಿ ಮುಗಿಸಿದ ಮೇಲೆ, “ಸರ, ನಮ್ಮ ಪಾಯಿಂಟಿನ ಅಕ್ಕೋರು ತೀರಿಕೊಂಡ್ರಂತ. ನಿಮಗ ಗೊತ್ತ ಇರಬೇಕಲ್ರಿ?” ಎಂದಳು.

ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ನಮ್ಮ ಹೈಸ್ಕೂಲಿನ ವಾಟ್ಸಾಪ್ ಗುಂಪಿನಲ್ಲಿ ನಿವೃತ್ತ ಶಿಕ್ಷಕರು ಯಾರಾದರೂ ಸತ್ತರೆ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬರುತ್ತವೆ. ಜವಾನರನ್ನು ಆ ಗುಂಪಿಗೆ ಸೇರಿಸಿರಲಿಲ್ಲ.

ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಆದರೆ ಶಾಲೆಯ ದಾಖಲೆಯ ಪ್ರಕಾರ ಪಾಯಿಂಟಿನ ಅಕ್ಕೋರು ಅಕ್ಕೋರಲ್ಲ, ಜವಾನ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೊನೆಯವರೆಗೂ ಗಂಡಸಿನ ಆ ಶಬ್ದವೇ ಇತ್ತು. ಅದಕ್ಕೊಂದು ಸ್ತ್ರೀಲಿಂಗ ಹುಡುಕಬೇಕೆಂದು ಕನ್ನಡ ಕಲಿಸುವ ನನಗೂ ಹೊಳೆದಿರಲಿಲ್ಲ. ಶಿಕ್ಷಕರೆಲ್ಲ ಅವರನ್ನು ಆಯಾ ಎಂದು ಕರೆಯುತ್ತಿದ್ದರು. ನಾನೂ.

ಅವರು ರಬಕವಿಯ ನೇಕಾರರ ಮನೆಯ ಮಗಳು. ತಂದೆ ಓಣಿ ಓಣಿ ತಿರುಗಿ ಕೆಟ್ಟ ಮಗ್ಗ ರಿಪೇರಿ ಮಾಡುತ್ತಿದ್ದರಂತೆ. ಅವರ ಹಿಂದೆ ಪಾನಾ, ಉಕ್ಕು ತಿಕ್ಕುವ ಅರ ಹಿಡಿದುಕೊಂಡು ಹೋಗುತ್ತ ಹೋಗುತ್ತ ಇವರೂ ಕಲಿತರು. ನಮ್ಮ ಶಾಲೆಯ ಜವಾನನಿಗೆ ಕೊಟ್ಟು ಮದುವೆಯಾಯಿತು. ಗಂಡ ಸರ್ವಿಸಿನಲ್ಲಿ ಇದ್ದಾಗಲೇ ತೀರಿಕೊಂಡ. ಅನುಕಂಪದ ಮೇಲೆ ಅವನ ಕೆಲಸ ಇವರಿಗೆ ಬಂತು. ಮಗ್ಗದ ಸದ್ದಿನಲ್ಲಿ ಬೆಳೆದ ಕಿವಿಯಾದ್ದರಿಂದ ಯಾವ ಯಂತ್ರ ಸದ್ದು ಮಾಡಿದರೂ ಅದಕ್ಕೇನು ಆಗಿದೆ ಎಂದು ಅವರಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಹೇಳಿಬಿಡುವ ಚಟವೂ ಇತ್ತು. ಒಮ್ಮೆ ಸ್ಟಾಫ್ ರೂಮಿಗೆ ಚಹಾ ತಂದವರು ಮೇಲೆ ನೋಡಿ, ಈ ಫ್ಯಾನ್ ಇನ್ನು ಎಂಟು ದಿನ ಅಂದರು. ಒಂಬತ್ತನೆಯ ದಿನ ಅದು ನಿಂತಿತು. ಗಣಿತದ ಶಿಕ್ಷಕರು ಈಕೆಯ ಬಾಯಿ ಛಲೋ ಅಲ್ಲ ಎಂದು ತೀರ್ಮಾನಿಸಿದರು. ಹೆಡ್ಮಾಸ್ತರರು ಆಮೇಲೆ ತಮ್ಮ ಸ್ಕೂಟರನ್ನು ಅವರ ಕಿವಿಗೆ ಬೀಳದಷ್ಟು ದೂರ ನಿಲ್ಲಿಸತೊಡಗಿದರು.

ನಮ್ಮ ಭಾಗಕ್ಕೆ ರೈಲು ಬರುತ್ತದೆ ಎಂಬ ಮಾತನ್ನು ನಾನು ಚಡ್ಡಿ ಹಾಕುವ ಕಾಲದಿಂದ ಕೇಳುತ್ತಿದ್ದೇನೆ. ಜಮಖಂಡಿಯವರು ತಮ್ಮ ಕಡೆ ಎಂದರು, ಮುಧೋಳದವರು ತಮ್ಮ ಕಡೆ ಎಂದರು. ರಬಕವಿ ಮತ್ತು ಬನಹಟ್ಟಿ ಒಂದಕ್ಕೊಂದು ಅಂಟಿಕೊಂಡ ಊರುಗಳು, ಆದರೂ ಸ್ಟೇಷನ್ನಿನ ಫಲಕದ ಮೇಲೆ ಯಾರ ಹೆಸರು ಮೊದಲು ಎಂಬುದರ ಮೇಲೆ ಚಹಾದ ಅಂಗಡಿಗಳಲ್ಲಿ ಮಾತು ಬಿಟ್ಟವರಿದ್ದಾರೆ. ಈ ಎಲ್ಲ ಊರುಗಳಿಗಿಂತ ಮೊದಲು ರೈಲು ನಮ್ಮ ಶಾಲೆಗೆ ಬಂತು.

ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರು ಹೊರದೇಶಕ್ಕೆ ಮಗ್ಗದ ಯಂತ್ರಗಳ ಪ್ರದರ್ಶನ ನೋಡಲು ಹೋದವರು ಮೊಮ್ಮಗನಿಗೆಂದು ಮಾದರಿ ರೈಲಿನ ದೊಡ್ಡ ಪೆಟ್ಟಿಗೆ ತಂದಿದ್ದರು. ಕೀಲಿ ಕೊಟ್ಟು ಬಿಡುವ ಆಟಿಕೆಯಲ್ಲ. ನಿಜವಾದ ರೈಲನ್ನೇ ಅಳತೆ ಹಿಡಿದು ಕುಗ್ಗಿಸಿದ್ದು, ಕರೆಂಟಿನಿಂದ ಹಳಿಯ ಮೇಲೆ ಓಡುವಂಥದ್ದು. ಮೊಮ್ಮಗ ಎರಡು ದಿನ ಆಡಿ ಮೊಬೈಲಿಗೆ ಮರಳಿದ. ಸಾಹುಕಾರರ ಹೆಂಡತಿಗೆ ಅದರ ಧೂಳು ಒರೆಸಿ ಒರೆಸಿ ಸಾಕಾಯಿತು. ಹೀಗೆ ವಿಜ್ಞಾನ ನಮ್ಮ ಶಾಲೆಗೆ ದಾನವಾಗಿ ಬಂತು.

ಇಡಲು ಜಾಗ ಬೇಕಿತ್ತು. ಗ್ರಂಥಾಲಯ ಖಾಲಿ ಮಾಡಿಸಿದರು. ಪುಸ್ತಕಗಳು ಮೆಟ್ಟಿಲ ಕೆಳಗಿನ ಕಪಾಟಿಗೆ ಹೋದವು, ಖೋಲಿಯ ಬಾಗಿಲಿಗೆ ‘ನಾವೀನ್ಯ ಕೇಂದ್ರ’ ಎಂಬ ಫಲಕ ಬಂತು. ಆ ಹೆಸರು ನಾನೇ ಕೊಟ್ಟದ್ದು. ಖಾಸಗಿ ಶಾಲೆಯಲ್ಲಿ ಕನ್ನಡ ಶಿಕ್ಷಕನೆಂದರೆ ಫಲಕ, ಮೆಮೊ, ಮನವಿ, ಸನ್ಮಾನಪತ್ರ, ಶ್ರದ್ಧಾಂಜಲಿ ಎಲ್ಲವನ್ನೂ ಬರೆಯುವವನು; ಸಮಯ ಉಳಿದರೆ ಪಾಠ.

ಎರಡು ಪ್ಲೈವುಡ್ ಹಲಗೆಗಳನ್ನು ಜೋಡಿಸಿ ಅದರ ಮೇಲೆ ಹಳಿ ಹಾಸಿದರು. ಒಂದು ಸ್ಟೇಷನ್, ಒಂದು ಸೇತುವೆ, ಆರು ಪಾಯಿಂಟು. ಒಂದು ಹಳಿ ಕವಲೊಡೆದು ಎರಡಾಗುವ ಜಾಗಕ್ಕೆ ಪಾಯಿಂಟ್ ಎನ್ನುತ್ತಾರೆ. ಅಲ್ಲಿ ತುದಿ ಚೂಪಾದ ಎರಡು ತೆಳು ಹಳಿಗಳು ಅತ್ತಿತ್ತ ಸರಿಯುತ್ತವೆ. ಈ ಕಡೆ ಕೂತರೆ ಗಾಡಿ ನೇರ ಹೋಗುತ್ತದೆ, ಆ ಕಡೆ ಕೂತರೆ ಪಕ್ಕದ ದಾರಿ ಹಿಡಿಯುತ್ತದೆ. ಅವನ್ನು ಸರಿಸಲು ಅಡಿಯಲ್ಲಿ ತಾಮ್ರದ ಸಣ್ಣ ಸುರುಳಿ, ಮೇಜಿನ ಅಂಚಿಗೆ ಒಂದು ಬಟನ್. ಬಟನ್ ಒತ್ತಿ ಕೂಡಲೇ ಬಿಡಬೇಕು. ಒತ್ತಿ ಹಿಡಿದರೆ ಸುರುಳಿ ಸುಡುತ್ತದೆ. ಇದೆಲ್ಲ ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ ಇತ್ತಂತೆ. ಪುಸ್ತಕವಾದ್ದರಿಂದ ಅದೂ ಮೆಟ್ಟಿಲ ಕೆಳಗೆ ಹೋಗಿತ್ತು.

ಉದ್ಘಾಟನೆಗೆ ಆಡಳಿತ ಮಂಡಳಿಯ ಅಧ್ಯಕ್ಷರು ತಡವಾಗಿ ಬಂದರು. ಸಮೀರವಾಡಿಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದಿದ್ದರಂತೆ. ಸರಕಾರಕ್ಕೆ ಆಗದ್ದನ್ನು ನಮ್ಮ ಸಂಸ್ಥೆ ಮಾಡಿತು ಎಂದು ಬಾಗಿಲಲ್ಲೇ ಹೇಳಿ ಒಳಗೆ ಬಂದು ಬಟನ್ ಒತ್ತಿದರು. ಫೋಟೊದವನು ಹಾಗೇ ಇರಿ ಎಂದ. ಅವರು ಹಾಗೇ ಇದ್ದರು. ಇನ್ನೊಂದು ಎಂದ. ಇನ್ನೊಂದಕ್ಕೂ ಇದ್ದರು. ಅಡಿಯಿಂದ ಸಣ್ಣಗೆ ಹೊಗೆ ಎದ್ದಿತು. ಮೈಕು ನನ್ನ ಕೈಯಲ್ಲಿತ್ತು, ಏನಾದರೂ ಹೇಳಬೇಕಲ್ಲ, “ಇದೋ, ಹೊಗೆಬಂಡಿಯ ಗತವೈಭವ!” ಎಂದುಬಿಟ್ಟೆ. ಜೋರಾಗಿ ಚಪ್ಪಾಳೆ ಬಿತ್ತು. ಸುತ್ತುತ್ತಿದ್ದ ಗಾಡಿ ಪಾಯಿಂಟಿನ ಮೇಲೆ ಹತ್ತಿ ಅಡ್ಡ ಬಿದ್ದು, ಒಂದು ತೆಳು ಹಳಿ ಮುರಿಯಿತು. ಅಷ್ಟರಲ್ಲಿ ಅಧ್ಯಕ್ಷರ ಭಾಷಣ ಶುರುವಾಗಿದ್ದರಿಂದ ಅದನ್ನು ಯಾರೂ ನೋಡಲಿಲ್ಲ.

ಹಾರದ ತಟ್ಟೆ ಹಿಡಿದು ಹಿಂದೆ ನಿಂತಿದ್ದ ಆಯಾ ಮಾತ್ರ ನೋಡಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಮಡಚುತ್ತ, ಸಾಹೇಬರು ಒತ್ತಿದ್ದು ತಪ್ಪಲ್ಲ, ಬಿಡಲಿಲ್ಲ, ಅದೇ ತಪ್ಪು ಎಂದು ನನಗೆ ಹೇಳಿದರು.

ಖೋಲಿಗೆ ಬೀಗ ಬಿತ್ತು. ವಿಜ್ಞಾನದ ಶಿಕ್ಷಕರು ಇದು ಪಠ್ಯಕ್ರಮದಲ್ಲಿ ಇಲ್ಲ ಎಂದು ಕೈತೊಳೆದುಕೊಂಡರು. ಹೊಸ ಪಾಯಿಂಟ್ ತರಿಸುವ ಬಗ್ಗೆ ಒಂದು ಫೈಲು ಹುಟ್ಟಿತು, ಬೆಳೆಯಿತು, ಕಪಾಟು ಸೇರಿತು. ಕೆಲವು ತಿಂಗಳ ನಂತರ ಒಂದು ಶನಿವಾರ ಮಧ್ಯಾಹ್ನ, ಹಳೆಯ ಶಬ್ದಕೋಶವೊಂದು ಅಲ್ಲೇ ಉಳಿದಿರಬಹುದೆಂದು ನಾನು ಆ ಖೋಲಿಗೆ ಹೋದೆ. ಬಾಗಿಲು ತೆರೆದಿತ್ತು. ಅವರು ನೆಲದ ಮೇಲೆ ಹಳೆಯ ಪೇಪರು ಹಾಸಿಕೊಂಡು, ಒಂದು ಪಾಯಿಂಟನ್ನು ಮಗುಚಿ ಹಾಕಿ, ಅದರ ಹೊಟ್ಟೆ ಬಿಚ್ಚಿಟ್ಟಿದ್ದರು. ಕಸಬರಿಗೆ ಗೋಡೆಗೆ ಒರಗಿತ್ತು.

“ಹೆಡ್‌ಸರ್‌ಗ ಹೇಳಬ್ಯಾಡ್ರಿ,” ಎಂದರು. “ಕಸ ಹೊಡ್ಯಾಕಷ್ಟ ಕೀಲಿ ಕೊಟ್ಟಾರ.”

ಸುಟ್ಟ ಸುರುಳಿಯನ್ನು ಅವರು ಮನೆಗೆ ಒಯ್ದು ಬಿಚ್ಚಿ, ಎಷ್ಟು ಸುತ್ತು ಇತ್ತೆಂದು ಎಣಿಸಿದ್ದರು. ಮೋಟಾರು ರಿಪೇರಿಯವನ ಹತ್ತಿರ ಅಷ್ಟೇ ಸಣ್ಣ ತಾಮ್ರದ ತಂತಿ ಕೇಳಿ ತಂದು, ಮಗ್ಗದ ಕಂಡಿಕೆಗೆ ನೂಲು ಸುತ್ತುವ ರಾಟಿಯ ಮೇಲೆ ಅದನ್ನು ಸುತ್ತಿದ್ದರು. ಮುರಿದ ಹಳಿಗೆ ಬದಲಿ ಬೇಕಿತ್ತು. ಮಗ್ಗದಲ್ಲಿ ನೂಲಿನ ಎಳೆಗಳನ್ನು ಬೇರೆ ಬೇರೆ ಹಿಡಿಯುವ ಫಣಿ ಇರುತ್ತದಲ್ಲ, ಬಾಚಣಿಗೆಯಂಥದ್ದು, ಹಳೆಯದೊಂದನ್ನು ಬಿಚ್ಚಿ ಅದರ ಉಕ್ಕಿನ ಹಲ್ಲು ತೆಗೆದು ಅರದಿಂದ ತಿಕ್ಕಿ ಕೂಡಿಸಿದ್ದರು. ನಾನು ಶಬ್ದಕೋಶ ಮರೆತು ನೋಡುತ್ತ ಕೂತೆ.

ಅವತ್ತು ಪಾಯಿಂಟನ್ನು ತಿರುಗಿ ಹಲಗೆಗೆ ಕೂಡಿಸಿ ಇಂಜಿನ್ ಬಿಟ್ಟರು. ಅದೇ ಜಾಗಕ್ಕೆ ಬಂದು ಬಿತ್ತು. ನಾನು ಅಯ್ಯೋ ಎಂದೆ. ಅವರು ಹೆಬ್ಬೆರಳಿನ ಉಗುರನ್ನು ಹಳಿಯ ಮೇಲಿಟ್ಟು ಗಾಡಿ ಬರುವ ದಿಕ್ಕಿನಿಂದ ಮೆಲ್ಲಗೆ ಎಳೆದರು. ತುದಿಯ ಹತ್ತಿರ ಉಗುರು ಕಂಡೂ ಕಾಣದಂತೆ ನಿಂತಿತು.

“ಉಗುರು ತಡದ್ರ ಗಾಲಿನೂ ತಡೀತೈತ್ರಿ ಸರ.”

ಮತ್ತೆ ತಿಕ್ಕಿದರು, ಮತ್ತೆ ಎಳೆದರು. ಎಲ್ಲ ಉಗುರು ಕತ್ತರಿಸಿ ಅದೊಂದನ್ನೇ ಉದ್ದ ಬಿಟ್ಟಿದ್ದು ಯಾಕೆಂದು ನನಗೆ ಆಗ ತಿಳಿಯಿತು. ಐದನೆಯದೋ ಆರನೆಯದೋ ಸಲ ಗಾಡಿ ಪಾಯಿಂಟ್ ದಾಟಿ, ಸದ್ದಿಲ್ಲದೆ ಪಕ್ಕದ ಹಳಿಗೆ ಹೊರಳಿ, ಸ್ಟೇಷನ್ನಿನಲ್ಲಿ ಬಂದು ನಿಂತಿತು. ಅವರು ನಗಲೂ ಇಲ್ಲ. ಕಸಬರಿಗೆ ತೆಗೆದುಕೊಂಡು ಅರದ ಪುಡಿ ಗುಡಿಸತೊಡಗಿದರು.

ಮಕ್ಕಳಿಗೆ ಇದು ಹೇಗೋ ತಿಳಿಯಿತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಕಸ ಹೊಡೆಯುವ ನೆವದಲ್ಲಿ ಬಾಗಿಲು ತೆರೆಯುತ್ತಿತ್ತು. ಇಪ್ಪತ್ತು ಮೂವತ್ತು ಮಕ್ಕಳು ಮೇಜಿನ ಸುತ್ತ. ಒತ್ತು, ಬಿಡು, ಇಷ್ಟೇ ಅವರ ಮೊದಲ ಪಾಠ. ಗಾಡಿ ಬಿದ್ದರೆ ಎತ್ತಿ ಇಡುತ್ತಿರಲಿಲ್ಲ, ಯಾಕೆ ಬಿತ್ತು ಎಂದು ಕೇಳುತ್ತಿದ್ದರು. ಬಿದ್ದ ಜಾಗ ನೋಡಬೇಡಿ, ಅದರ ಹಿಂದಿನ ಗೇಣು ನೋಡಿ ಎನ್ನುತ್ತಿದ್ದರು. ಕೂದಲೆಳೆ, ಧೂಳು, ಸಡಿಲಾದ ಸ್ಪ್ರಿಂಗು, ಏನಾದರೊಂದು ಅಲ್ಲಿ ಇರುತ್ತಿತ್ತು. ನನ್ನ ವ್ಯಾಕರಣದ ತರಗತಿಯಲ್ಲಿ ತೂಕಡಿಸುವ ಮಕ್ಕಳು ಅಲ್ಲಿ ಕಣ್ಣು ಮಿಟುಕಿಸದೆ ನಿಂತಿರುತ್ತಿದ್ದರು. ಹೇಳಿಕೊಡುವವರನ್ನು ಏನೆನ್ನಬೇಕೋ ಅದನ್ನೇ ಅಂದರು: ಅಕ್ಕೋರು.

ಇದು ನಿಜವಾದ ಅಕ್ಕೋರುಗಳ ಕಿವಿಗೆ ಬಿತ್ತು. ನಮ್ಮಲ್ಲಿ ಇಬ್ಬರಿದ್ದರು. ಡಿಗ್ರಿ ಮಾಡಿ, ಬಿ.ಎಡ್ ಮಾಡಿ, ಸಂದರ್ಶನ ದಾಟಿ ಬಂದದ್ದು ಇದಕ್ಕೇನು ಎಂದು ಇಬ್ಬರೂ ಹೆಡ್ಮಾಸ್ತರರ ಮುಂದೆ ಕಣ್ಣಲ್ಲಿ ನೀರು ತಂದುಕೊಂಡರು. ಹೆಡ್ಮಾಸ್ತರರು ಬೀಳಗಿಯ ಕಡೆಯವರು, ಜಗಳ ಕಂಡರೆ ಆಗದವರು. ಯಾವ ಜಗಳವನ್ನೂ ಅವರು ಮೆಮೊ ಹೊರಡಿಸಿ ಮುಗಿಸುತ್ತಿದ್ದರು. ನನ್ನನ್ನು ಕರೆದರು. ನಾನು ಬರೆದೆ: ‘ಬೋಧಕ ಸಿಬ್ಬಂದಿಗೆ ಸಲ್ಲತಕ್ಕ ಗೌರವವಾಚಕಗಳಿಂದ ಬೋಧಕೇತರ ಸಿಬ್ಬಂದಿಯನ್ನು ವಿದ್ಯಾರ್ಥಿಗಳು ಸಂಬೋಧಿಸತಕ್ಕದ್ದಲ್ಲ.’ ಒಳ್ಳೆಯ ವಾಕ್ಯ. ಒಂದು ಅಕ್ಷರ ಆಚೀಚೆ ಮಾಡುವಂತಿರಲಿಲ್ಲ.

ಮೆಮೊ ಪುಸ್ತಕವನ್ನು ತರಗತಿಯಿಂದ ತರಗತಿಗೆ ಒಯ್ದು ಓದಿಸುವುದು ಜವಾನರ ಕೆಲಸ. ಇನ್ನೊಬ್ಬ ಜವಾನ ಅವತ್ತು ರಜೆ ಹಾಕಿದ್ದ. ಅವರೇ ಒಯ್ದರು. ಎಂಟರಿಂದ ಹತ್ತರವರೆಗೆ ಎಲ್ಲ ತರಗತಿಗಳ ಬಾಗಿಲಲ್ಲಿ ನಿಂತು, ತಮ್ಮನ್ನು ಏನೆಂದು ಕರೆಯಬಾರದು ಎಂಬುದನ್ನು ಮತ್ತೆ ಮತ್ತೆ ಕೇಳಿಸಿಕೊಂಡು, ಸಹಿ ಮಾಡಿಸಿಕೊಂಡರು. ನನ್ನ ತರಗತಿಗೂ ಬಂದರು. ನಾನು ಬರೆದದ್ದನ್ನು ನಾನೇ ಓದಬೇಕಾಯಿತು. ಕೆಮ್ಮಿ ಓದಿದೆ. ಮಕ್ಕಳು ಮೇಜು ನೋಡುತ್ತಿದ್ದರು. ಅವರು ಒಳಗೆ ಬಂದು, ಸಹಿ ಹಾಕುವ ಜಾಗವನ್ನು ಬೆರಳಿಟ್ಟು ತೋರಿಸಿದರು.

ಅಲ್ಲಿಂದ ಮುಂದೆ ಮಕ್ಕಳು ಶಾಲೆಯೊಳಗೆ ಆಯಾ ಎಂದರು, ಗೇಟು ದಾಟಿದ ಮೇಲೆ ಪಾಯಿಂಟಿನ ಅಕ್ಕೋರು ಎಂದರು. ಮೆಮೊ ಗೇಟಿನವರೆಗೆ ಮಾತ್ರ ಅನ್ವಯಿಸುತ್ತಿತ್ತು.

ಮರುವರ್ಷ ನಾವೀನ್ಯಕ್ಕಾಗಿ ಶಾಲೆಗಳಿಗೆ ಪ್ರಶಸ್ತಿ ಕೊಡುತ್ತಾರೆಂದು ಸುತ್ತೋಲೆ ಬಂತು. ಹೆಡ್ಮಾಸ್ತರರಿಗೆ ಬೀಗ ಹಾಕಿದ ಖೋಲಿ ನೆನಪಾಯಿತು. ಅರ್ಜಿ ಬರೆಯಲು ನಾನು ಇದ್ದೆ. ‘ಮುಖ್ಯೋಪಾಧ್ಯಾಯರು ಶಾಲಾ ಅವಧಿಯ ನಂತರವೂ ತಮ್ಮ ಅಮೂಲ್ಯ ಸಮಯವನ್ನು ವಿನಿಯೋಗಿಸಿ, ಕೆಟ್ಟುಹೋದ ಪಾಯಿಂಟುಗಳನ್ನು ಸ್ಥಳೀಯ ಸಾಮಗ್ರಿಗಳಿಂದ ಸ್ವಹಸ್ತದಿಂದ ದುರಸ್ತಿಗೊಳಿಸಿ...’ ಹೀಗೆ ಹತ್ತು ಪುಟ. ಆಯಾನ ಹೆಸರು ಎಲ್ಲಾದರೂ ಹಾಕೋಣವೇ ಎಂದು ಒಮ್ಮೆ ಕೇಳಿದೆ. ಜವಾನರ ಹೆಸರು ಬರೆಯಲು ಫಾರ್ಮಿನಲ್ಲಿ ಕಾಲಂ ಇಲ್ಲವಲ್ಲ ಎಂದರು ಹೆಡ್ಮಾಸ್ತರರು. ನೋಡಿದೆ. ಖರೆ, ಇರಲಿಲ್ಲ. ನನಗೆ ಸಮಾಧಾನವಾದದ್ದನ್ನು ಮುಚ್ಚಿಡಲಾರೆ.

ಪರಿಶೀಲನೆಗೆ ಇಬ್ಬರು ಅಧಿಕಾರಿಗಳು ಬರುವ ಹಿಂದಿನ ದಿನ, ಅವರ ಮುಂದೆ ಗಾಡಿ ಬಿದ್ದರೆ ಏನು ಗತಿ ಎಂದು ಹೆಡ್ಮಾಸ್ತರರಿಗೆ ದಿಗಿಲಾಯಿತು. ವಿಜ್ಞಾನದ ಶಿಕ್ಷಕರು ಉಪಾಯ ಹೂಡಿದರು. ಆರೂ ಪಾಯಿಂಟುಗಳನ್ನು ನೇರಕ್ಕೆ ಇಟ್ಟು, ಒಂದೊಂದು ಹನಿ ಗಟ್ಟಿ ಅಂಟು ಬಿಟ್ಟರು. ಇನ್ನು ಗಾಡಿ ಸುತ್ತುತ್ತಲೇ ಇರುತ್ತದೆ, ಬೀಳುವ ಮಾತೇ ಇಲ್ಲ. ಪಾಯಿಂಟ್ ಕೂಡಿಸಿದವರಿಗೆ ಇದನ್ನು ಯಾರೂ ಹೇಳಲಿಲ್ಲ. ಅವರಿಗೆ ಚಹಾ ತರುವ ಕೆಲಸ ಕೊಟ್ಟಿದ್ದರು.

ಗಾಡಿ ಸುತ್ತಿತು. ಅಧಿಕಾರಿಗಳು ತಲೆದೂಗಿದರು. ಹಿರಿಯರು ಮಾತ್ರ, ಸ್ಟೇಷನ್ನಿಗೆ ಯಾವಾಗ ಹೋಗುತ್ತದೆ ಎಂದು ಕೇಳಿ, ಯಾರಿಗೂ ಕಾಯದೆ ತಾವೇ ಬಟನ್ ಒತ್ತಿದರು. ಅಡಿಯಲ್ಲಿ ಗುಂಯ್ ಎಂದಿತು, ಹಳಿ ಸರಿಯಲಿಲ್ಲ. ಜೋರಾಗಿ ಒತ್ತಿ ಹಿಡಿದರು. ಇವತ್ತು ವೋಲ್ಟೇಜ್ ಕಡಿಮೆ ಎಂದು ಹೆಡ್ಮಾಸ್ತರರು ಹೇಳುತ್ತಿರುವಾಗಲೇ ಬಾಗಿಲ ಹತ್ತಿರದಿಂದ ಮಾತು ಬಂತು.

“ಸಾಹೇಬ್ರ, ಬಟ್ಟ ತೆಗೀರಿ. ಸುಡ್ತೈತಿ.”

ಅಧಿಕಾರಿ ಬೆರಳು ತೆಗೆದರು. ಜವಾನರೊಬ್ಬರು ಅಧಿಕಾರಿಗೆ ಬೆರಳು ತೆಗೆ ಎಂದದ್ದನ್ನು ನಮ್ಮ ಜೀವಮಾನದಲ್ಲಿ ನಾವು ಕಂಡಿರಲಿಲ್ಲ. ಅವರು ಚಹಾದ ತಟ್ಟೆಯನ್ನು ವಿಜ್ಞಾನದ ಶಿಕ್ಷಕರ ಕೈಗೆ ಕೊಟ್ಟರು. ಶಿಕ್ಷಕರು ಗಾಬರಿಯಲ್ಲಿ ಹಿಡಿದುಕೊಂಡರು. ಇವರು ಮೇಜಿನ ಮೇಲೆ ಬಾಗಿ ನೋಡಿದರು. ಅಂಟು ಕಂಡಿತು. ಮುಖ ಕೆಂಪಾಯಿತು. ತಲೆಯಿಂದ ಪಿನ್ನು ತೆಗೆದು, ಅಂಟನ್ನು ಸ್ವಲ್ಪ ಸ್ವಲ್ಪವೇ ಕೆರೆದರು. ಉಗುರು ಎಳೆದು ನೋಡಿದರು. ಈಗ ಒತ್ತಿ, ಒತ್ತಿ ಬಿಡಿ ಎಂದರು. ಅಧಿಕಾರಿ ಮಗುವಿನ ಹಾಗೆ ಒತ್ತಿ ಬಿಟ್ಟರು. ಟಕ್ ಎಂದು ಹಳಿ ಸರಿಯಿತು, ಗಾಡಿ ಸ್ಟೇಷನ್ನಿಗೆ ಬಂತು.

ಇದನ್ನೆಲ್ಲ ಯಾರು ಕಲಿಸಿದರು ಎಂದು ಅಧಿಕಾರಿ ಅವರನ್ನು ಕೇಳಿದರು. ಅವರು ಹೆಡ್ಮಾಸ್ತರರ ಕಡೆ ನೋಡಿದರು, ಆಮೇಲೆ ನನ್ನ ಕಡೆ. ನಾನು ಮಾತಾಡಬಹುದಿತ್ತು. ಹತ್ತು ಪುಟ ಬರೆದವನಿಗೆ ಒಂದು ವಾಕ್ಯ ಕಷ್ಟವಿರಲಿಲ್ಲ. ನಾನು ಸೇತುವೆಯನ್ನು ನೋಡುತ್ತ ನಿಂತೆ.

“ಹೆಡ್‌ಸರ್ ಈ ಖೋಲಿ ಕೀಲಿ ನನ್ನ ಕೈಯಾಗ ಕೊಟ್ಟಾರ್ರಿ,” ಎಂದರು ಅವರು. “ದಿನಾ ಮಧ್ಯಾಹ್ನ ಹುಡುಗೂರಿಗೆ ತಗದು ತೋರಸು ಅಂದಾರ್ರಿ.”

ಜವಾನರನ್ನೂ ಬೆಳೆಸುವ ಮುಖ್ಯೋಪಾಧ್ಯಾಯರೆಂದು ಅಧಿಕಾರಿಗಳು ಬರೆದುಕೊಂಡರು. ಪ್ರಶಸ್ತಿ ಬಂತು. ಶಾಲು, ಫಲಕ, ಪೇಪರಿನಲ್ಲಿ ಫೋಟೊ. ಆದರೆ ಇಬ್ಬರು ಅಧಿಕಾರಿಗಳ ಮುಂದೆ ಕೊಟ್ಟಂತಾದ ಕೀಲಿಯನ್ನು ಹೆಡ್ಮಾಸ್ತರರು ತಿರುಗಿ ಕೇಳುವಂತಿರಲಿಲ್ಲ. ಅದು ಆಯಾ ನಿವೃತ್ತರಾಗುವವರೆಗೂ ಅವರ ಸೊಂಟದಲ್ಲಿ ಇತ್ತು. ಮಧ್ಯಾಹ್ನದ ಬಿಡುವಿನಲ್ಲಿ ಬಾಗಿಲು ತೆರೆಯಲು ಕಸಬರಿಗೆಯ ನೆವ ಬೇಕಾಗಲಿಲ್ಲ.

ಇವರ ನಿವೃತ್ತಿಯ ದಿನ ಹೆಡ್ಮಾಸ್ತರರು ತಮ್ಮ ಪ್ರಶಸ್ತಿಯ ಬಗ್ಗೆ ದೀರ್ಘವಾಗಿ ಮಾತಾಡಿದರು. ಕೊನೆಗೆ ಇವರಿಗೂ ಎರಡು ಮಾತು ಹೇಳಲು ಮೈಕು ಕೊಟ್ಟರು. ಮೂರನೇ ಪಾಯಿಂಟಿನ ಸ್ಪ್ರಿಂಗ್ ಸಡಿಲಾಗಿದೆ, ಯಾರಾದರೂ ನೋಡಿಕೊಳ್ಳಿ ಎಂದು ಹೇಳಿ ಕೂತರು.

ಯಾರೂ ನೋಡಿಕೊಳ್ಳಲಿಲ್ಲ. ಮೂರನೆಯದು ಹೋಯಿತು, ಅದರ ಹಿಂದೆ ಐದನೆಯದು. ಪ್ರಶಸ್ತಿ ಬಂದ ಶಾಲೆಯಾದ್ದರಿಂದ ಸುಮ್ಮನಿರುವಂತೆಯೂ ಇರಲಿಲ್ಲ. ಹೊಸ ಪಾಯಿಂಟುಗಳನ್ನು ತರಿಸಿದರು. ಅವು ಬೇರೆ ಕಂಪನಿಯವು, ನಮ್ಮ ಹಳಿಗೆ ಕೂಡಲಿಲ್ಲ. ವಿಜ್ಞಾನದ ಶಿಕ್ಷಕರು ಹೊಸದೊಂದನ್ನೂ ಹಳೆಯ ಹಳಿಯ ತುಂಡೊಂದನ್ನೂ ಚೀಲದಲ್ಲಿ ಹಾಕಿ, ಆಯಾನ ಮನೆ ನಿಮಗೆ ಗೊತ್ತಲ್ಲ ಎಂದು ನನ್ನ ಕೈಗೆ ಕೊಟ್ಟರು. ಗೊತ್ತಿರಲಿಲ್ಲ. ಅಷ್ಟು ವರ್ಷ ಒಟ್ಟಿಗೆ ಇದ್ದು ಒಮ್ಮೆಯೂ ಹೋಗಿರಲಿಲ್ಲ. ರಬಕವಿಯಲ್ಲಿ ಕೇಳುತ್ತ ಹೋದೆ. ಪಾಯಿಂಟಿನ ಅಕ್ಕೋರ ಮನೆ ಎಂದಾಗ ಮಾತ್ರ ದಾರಿ ತೋರಿಸಿದರು.

ಒಳಗೆ ಮಗನ ಪವರ್‌ಲೂಮುಗಳು ಓಡುತ್ತಿದ್ದವು. ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಟ್ಟರು. ಸೊರಗಿದ್ದರು, ಆದರೆ ಚೀಲ ಬಿಚ್ಚಿದ ಕೂಡಲೇ ಕಣ್ಣು ಚುರುಕಾಯಿತು. ಎರಡು ಹಳಿಗಳನ್ನೂ ತುದಿಗೆ ತುದಿ ಹಿಡಿದು ಉಗುರು ಎಳೆದರು. ಹೊಸದು ಎಳೆಯಷ್ಟು ತಗ್ಗು ಇದೆ, ಅಡಿಯಲ್ಲಿ ಹಿತ್ತಾಳೆಯ ತೆಳು ತಗಡು ಕೊಟ್ಟು ಎತ್ತರಿಸಿದರೆ ಕೂಡುತ್ತದೆ, ಎರಡು ದಿನ ಬಿಟ್ಟು ಬನ್ನಿ, ಮಾಡಿಡುತ್ತೇನೆ ಎಂದರು.

ಅವತ್ತು ನನಗೆ ಏನಾಯಿತೋ, ಅರ್ಜಿಯ ವಿಷಯ ತೆಗೆದೆ. ನಿಮ್ಮ ಕೆಲಸವನ್ನು ಹೆಡ್ಮಾಸ್ತರರ ಹೆಸರಿಗೆ ಬರೆದವನು ನಾನೇ, ಮೆಮೊ ಬರೆದವನೂ ನಾನೇ ಎಂದೆ. ಇಷ್ಟು ವರ್ಷ ಹೇಳಲಾಗಲಿಲ್ಲ ಎಂದೆ. ಮಗ್ಗದ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ.

“ಗೊತ್ತೈತ್ರಿ,” ಎಂದರು. “ಆ ಅರ್ಜಿ ಜೆರಾಕ್ಸ್ ಮಾಡಿಸಿಕೊಂಡು ಬಂದಾಕಿ ನಾನ ಅಲ್ಲೇನ್ರಿ. ಅಂಗಡಿಯಾಗ ಕುಂತ ಪೂರಾ ಓದಿದ್ನಿ. ಕನ್ನಡ ಭಾಳ ಛಲೋ ಬರದಿದ್ರಿ.”

ನಾನು ತಲೆ ತಗ್ಗಿಸಿದೆ.

“ಒಂದ ತಪ್ಪಿತ್ತು. ಮುರದ ಹಳಿಗೆ ಫಣಿ ತಂತಿ ಹಾಕ್ಯಾರ ಅಂತ ಬರದೀರಿ. ತಂತಿ ಅಲ್ರಿ ಸರ ಅದು, ಪಟ್ಟಿ. ತಂತಿ ದುಂಡಗ ಇರ್ತೈತಿ, ಗಾಲಿ ಹತ್ತಿ ಬೀಳ್ತೈತಿ. ನಾಳೆ ಯಾರರ ಅದನ್ನ ಓದಿ ಹಂಗ ಮಾಡಿದ್ರ ಅವರ ಗಾಡಿ ಬೀಳ್ತೈತಿ. ಅದನ್ನಷ್ಟ ತಿದ್ರಿ.”

ಮರುದಿನ ಆಫೀಸಿನ ಕಪಾಟಿನಿಂದ ಅರ್ಜಿಯ ಪ್ರತಿ ಹುಡುಕಿ ತೆಗೆದೆ. ಏಳನೆಯ ಪುಟದಲ್ಲಿ ‘ತಂತಿ’ ಹೊಡೆದು ಹಾಕಿ ‘ಪಟ್ಟಿ’ ಎಂದು ಬರೆದೆ. ಕಚೇರಿಯ ನಿಯಮದಂತೆ ಪಕ್ಕದಲ್ಲಿ ಸಣ್ಣ ಸಹಿ ಹಾಕಿದೆ. ಅದರ ಮೇಲಿನ ಸಾಲಿನಲ್ಲಿ ‘ಮುಖ್ಯೋಪಾಧ್ಯಾಯರು ಸ್ವಹಸ್ತದಿಂದ’ ಎಂದಿತ್ತು. ಪೆನ್ನು ಇನ್ನೂ ಕೈಯಲ್ಲೇ ಇತ್ತು. ಅತ್ತಿತ್ತ ನೋಡಿ, ಫೈಲು ಕಟ್ಟಿ ಕಪಾಟಿನೊಳಗೆ ಇಟ್ಟೆ.